ಮೋಟಾ ನಾಯಕ ಯಾರು? ಬಳ್ಳಾರಿ ಸೀಮೆಯ ಬೇಡರು ಮತ್ತು ಪಟ್ಟಿಯ ಹೆಸರುಗಳು

ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯ 38ನೆಯ ನಮೂದು ಹೀಗೆ ಶುರುವಾಗುತ್ತದೆ: ನಾಯ್ಕಡ, ನಾಯಕ, ಚೋಳಿವಾಲಾ ನಾಯಕ, ಕಾಪಡಿಯಾ ನಾಯಕ, ಮೋಟಾ ನಾಯಕ, ನಾನಾ ನಾಯಕ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ, ಕುರುಗೋಡಿನ ಬೆಟ್ಟದ ಕೆಳಗಿನ ಓಣಿಗಳಲ್ಲಿ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎಷ್ಟು ಹುಡುಕಿದರೂ ತನ್ನನ್ನು ಮೋಟಾ ನಾಯಕ ಎಂದು ಕರೆದುಕೊಳ್ಳುವ ಮನುಷ್ಯ ಸಿಗುವುದು ಕಷ್ಟ. ಗುಜರಾತಿ ಭಾಷೆಯಲ್ಲಿ ಮೋಟಾ ಎಂದರೆ ದೊಡ್ಡ, ನಾನಾ ಎಂದರೆ ಸಣ್ಣ. ಗುಜರಾತ್ ರಾಜ್ಯದ ಪಟ್ಟಿಯಲ್ಲೂ ಇದೇ ಸಾಲು ಇದೇ ಕ್ರಮದಲ್ಲಿ ಇದೆ. ಹಳೆಯ ಮುಂಬಯಿ ರಾಜ್ಯದೊಳಗೆ ಗುಜರಾತೂ ಇತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಇದ್ದವು. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದಾಗ ಮುಂಬಯಿಯ ಪಟ್ಟಿಯೂ ಅವುಗಳ ಜೊತೆಗೆ ಬಂತು. ಗುಜರಾತಿನ ಪಂಚಮಹಲಿನ ಕಾಡಿನವರಿಗಾಗಿ ಬರೆದ ಸಾಲೊಂದು ತುಂಗಭದ್ರೆಯ ದಂಡೆಯ ಜನರ ಹಣೆಬರಹವಾದದ್ದು ಹೀಗೆ.

ಈ ಉಪನ್ಯಾಸದ ವಿಷಯ ಆ ಸಾಲು, ಮತ್ತು ಅದರ ಕೆಳಗೆ ನಿಂತಿರುವ ಜನ.

ಬಳ್ಳಾರಿ ಸೀಮೆಯಲ್ಲಿ ಅವರಿಗೆ ಹೆಸರುಗಳ ಕೊರತೆ ಇಲ್ಲ. ಕನ್ನಡದವರ ಬಾಯಲ್ಲಿ ಬೇಡರು, ತೆಲುಗಿನವರ ಬಾಯಲ್ಲಿ ಬೋಯರು, ಊರ ನಡುವೆ ಮರ್ಯಾದೆಯಿಂದ ನಾಯಕರು, ಸಂಘದ ಫಲಕದ ಮೇಲೆ ವಾಲ್ಮೀಕಿ ಜನಾಂಗ, ನಾಡಕಚೇರಿಯ ಕಿಟಕಿಯಲ್ಲಿ ಎಸ್‌.ಟಿ. 1904ರಲ್ಲಿ ಮದರಾಸು ಸರ್ಕಾರಕ್ಕಾಗಿ ಬಳ್ಳಾರಿ ಗೆಜೆಟಿಯರ್ ಬರೆದ ಡಬ್ಲ್ಯು. ಫ್ರಾನ್ಸಿಸ್ ಅವರನ್ನು ಬೋಯರೆಂದೇ ಕರೆದ. ಐದು ವರ್ಷಗಳ ನಂತರ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದಾಗ ಮೊದಲ ಸಂಪುಟದಲ್ಲೇ ಬೋಯರಿಗೆ ಜಾಗ ಕೊಟ್ಟ. ಊರು ಬೋಯ, ಮ್ಯಾಸ ಬೋಯ ಎಂಬ ಎರಡು ಕವಲುಗಳನ್ನು ಆತ ದಾಖಲಿಸಿದ್ದಾನೆ. ಮ್ಯಾಸದವರೆಂದರೆ ದನಕರು ಕಾಯುತ್ತ ಕಾವಲಿನಲ್ಲಿ ಬದುಕಿದವರು. ಕೋಳಿ ತಿನ್ನದವರು, ಹೆಂಡ ಮುಟ್ಟದವರು, ದೇವರ ಎತ್ತುಗಳನ್ನು ಮನೆಮಂದಿಗಿಂತ ಹೆಚ್ಚಾಗಿ ನೋಡಿಕೊಂಡವರು. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ಮ್ಯಾಸಬೇಡ ಎಂಬ ಹೆಸರು ಇವತ್ತಿಗೂ ಜೀವಂತ. ಮೂಗಿನ ಅಗಲ, ತಲೆಬುರುಡೆಯ ಉದ್ದ ಅಳೆಯುವ ಸಾಧನಗಳನ್ನು ಹಿಡಿದು ಊರೂರು ಸುತ್ತಿದವನೂ ಇದೇ ಥರ್ಸ್ಟನ್. ಅವನ ಸಂಪುಟಗಳಿಂದ ಕಲಿಯುವುದು ಬಹಳ ಇದೆ. ಆದರೆ ಅಳೆಸಿಕೊಂಡವರನ್ನು ಅವರು ಯಾರೆಂದು ಕೇಳಿ ಬರೆದ ಪುಸ್ತಕ ಅದಲ್ಲ.

ರಾಯದುರ್ಗದ ಮೊದಲ ಪಾಳೆಯಗಾರರು ಬೋಯರು. ಸುರಪುರದ ನಾಯಕರು ಬೇಡರು. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಬ್ರಿಟಿಷರ ಎದುರು ನಿಂತ ಹಲಗಲಿಯವರೂ ಬೇಡರು. ಅವರ ಲಾವಣಿಯಲ್ಲಿ ಆ ಹೆಸರು ಎದೆಯುಬ್ಬಿಸಿಕೊಂಡೇ ಬರುತ್ತದೆ. ಕೋಟೆ ಆಳಿದವರ, ಸೈನ್ಯದಲ್ಲಿ ನಿಂತವರ, ಬೇಟೆಯಾಡಿದವರ, ದನ ಕಾದವರ ಈ ಸಮುದಾಯವನ್ನು ಒಂದೇ ಪದದಲ್ಲಿ ಕಟ್ಟಿಹಾಕಲು ಹೊರಟ ಪ್ರತಿಯೊಂದು ಕಚೇರಿಯೂ ಸೋತಿದೆ. ಸೋತರೂ ಪದ ಮಾತ್ರ ಕಾಗದದಲ್ಲಿ ಉಳಿದುಕೊಂಡಿದೆ.

ಕಾಗದದ ಪದಕ್ಕೆ ಎಷ್ಟು ತೂಕ ಎಂಬುದನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ. 1971ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ಸುಮಾರು 2.31 ಲಕ್ಷ. 1981ರಲ್ಲಿ 18.25 ಲಕ್ಷ. ಹತ್ತು ವರ್ಷದಲ್ಲಿ ಯಾವ ಜನಾಂಗವೂ ಎಂಟು ಪಟ್ಟು ಬೆಳೆಯುವುದಿಲ್ಲ. ನಡೆದದ್ದು ಬೇರೆ: ಪಟ್ಟಿಯ ಹೆಸರುಗಳು ಹಳೆಯ ಪ್ರಾಂತ್ಯಗಳ ಗಡಿಯೊಳಗೆ ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು, 1976ರ ತಿದ್ದುಪಡಿ ಕಾಯ್ದೆ ಆ ಗಡಿಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿತು. ಮುಂಬಯಿಯ ಪಟ್ಟಿಯಲ್ಲಿದ್ದ ನಾಯಕ ಎಂಬ ಹೆಸರು ಇಡೀ ರಾಜ್ಯದ್ದಾಯಿತು. ಆಗಲೂ ಬೇಡ ಎಂದು ಬರೆಸಿದವನಿಗೆ ಬಾಗಿಲು ಮುಚ್ಚಿತ್ತು. ಅಣ್ಣನ ಶಾಲಾ ದಾಖಲೆಯಲ್ಲಿ ನಾಯಕ ಎಂದಿದ್ದು ತಮ್ಮನದರಲ್ಲಿ ವಾಲ್ಮೀಕಿ ಎಂದಿದ್ದರೆ, ಪಟ್ಟಿಯ ಲೆಕ್ಕದಲ್ಲಿ ಅಣ್ಣ ಒಳಗೆ, ತಮ್ಮ ಹೊರಗೆ. 1991ರಲ್ಲಿ ಸಂಸತ್ತು ನಾಯ್ಕ್, ನಾಯಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಅದೇ 38ನೆಯ ನಮೂದಿಗೆ ಸೇರಿಸಿತು. ಆ ವರ್ಷದ ಗಣತಿಯಲ್ಲಿ 19.16 ಲಕ್ಷವಿದ್ದ ಸಂಖ್ಯೆ 2001ರಲ್ಲಿ 34.64 ಲಕ್ಷವಾಯಿತು, ಅವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಈ ಒಂದೇ ನಮೂದಿನವರು. ಪರಿವಾರ, ತಳವಾರ ಎಂಬ ಹೆಸರುಗಳು ಒಳಗೆ ಬರಲು 2020ರವರೆಗೆ ಕಾಯಬೇಕಾಯಿತು. ಹೊಸ ಜನ ಎಲ್ಲಿಂದಲೋ ಬಂದು ಸೇರಿಕೊಂಡರು ಎಂದು ಕೆಲವರು ಇವತ್ತಿಗೂ ಆಡಿಕೊಳ್ಳುವುದುಂಟು. ಸಿರುಗುಪ್ಪದವರು ಎಲ್ಲಿಂದಲೂ ಬರಲಿಲ್ಲ. ಅವರು ಇದ್ದಲ್ಲೇ ಇದ್ದರು. ಪಟ್ಟಿ ತಡವಾಗಿ ಅವರ ಬಳಿಗೆ ಬಂತು.

ಜನರಿಗೆ ಹೊರಗಿನವರು ಇಟ್ಟ ಹೆಸರು ಕಾನೂನಾಗಿ ಕುಳಿತ ಕಥೆ ಅಮೆರಿಕ ಖಂಡಗಳಲ್ಲಿ ಇನ್ನೂ ದೊಡ್ಡದು, ಇನ್ನೂ ಕ್ರೂರವಾದದ್ದು. ಅದರ ಮೊದಲ ಪದವೇ ನಮ್ಮ ದೇಶದ್ದು. 1492ರ ಅಕ್ಟೋಬರ್ 12ರಂದು ಗ್ವಾನಾಹಾನಿ ಎಂಬ ದ್ವೀಪದಲ್ಲಿ ಇಳಿದ ಕೊಲಂಬಸ್ ತಾನು ಪೂರ್ವದ ಇಂಡೀಸ್ ತಲುಪಿದೆನೆಂದು ನಂಬಿ, ಎದುರಿಗೆ ಬಂದ ಟೈನೊ ಜನರನ್ನು ಇಂಡಿಯನ್ನರು ಎಂದ. ಐದು ಶತಮಾನ ಕಳೆದರೂ ಆ ಪದ ಅಳಿಯಲಿಲ್ಲ. ಕನ್ನಡದ ಶಾಲಾಪುಸ್ತಕಗಳು ಬಹುಕಾಲ ಅದಕ್ಕೆ ಕೆಂಪು ಬಣ್ಣವನ್ನೂ ಬಳಿದು ರೆಡ್ ಇಂಡಿಯನ್ನರು ಎಂದು ಕಲಿಸಿದವು. ಈಗಲೂ ಹಾಗೆ ಬರೆಯುವ ಕನ್ನಡ ಲೇಖಕರು ಅದನ್ನು ನಿಲ್ಲಿಸಬೇಕು. ಲಕೋಟ, ನವಾಹೊ, ಚೆರೋಕಿ, ಕ್ರೀ ಎಂದು ಅವರವರ ಹೆಸರು ಬರೆಯಲು ಕನ್ನಡ ಲಿಪಿಗೆ ಯಾವ ತೊಡಕೂ ಇಲ್ಲ.

1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬಲ್ಲಿ ಬುಡಕಟ್ಟು ಮಕ್ಕಳಿಗಾಗಿ ವಸತಿ ಶಾಲೆ ತೆರೆಯಿತು. ಮೊದಲ ತಂಡದಲ್ಲಿ ಬಂದ ಲಕೋಟ ಹುಡುಗನೊಬ್ಬನ ಹೆಸರು ಓಟ ಕ್ಟೆ. ಕಪ್ಪುಹಲಗೆಯ ಮೇಲೆ ಇಂಗ್ಲಿಷ್ ಹೆಸರುಗಳನ್ನು ಬರೆದು, ಮಕ್ಕಳ ಕೈಗೆ ಕೋಲು ಕೊಟ್ಟು, ಒಂದನ್ನು ಮುಟ್ಟಿ ತೋರಿಸಲು ಹೇಳಿದರು. ಓದಲು ಬಾರದ ಆ ಹುಡುಗ ಕೋಲು ಇಟ್ಟ ಜಾಗದಲ್ಲಿ ಲೂಥರ್ ಎಂದಿತ್ತು. ಲೂಥರ್ ಸ್ಟ್ಯಾಂಡಿಂಗ್ ಬೇರ್ ಎಂಬ ಹೆಸರಿನಲ್ಲಿ ಆತ ಮುಂದೆ ಲೇಖಕನಾಗಿ ಬೆಳೆದು ಈ ಪ್ರಸಂಗವನ್ನು ತಾನೇ ಬರೆದಿಟ್ಟ.

ಕೆನಡಾದಲ್ಲಿ 1876ರ ಇಂಡಿಯನ್ ಕಾಯ್ದೆ ಯಾರು ಇಂಡಿಯನ್ ಎಂಬುದನ್ನು ಸರ್ಕಾರವೇ ತೀರ್ಮಾನಿಸುವಂತೆ ಮಾಡಿತು. ಪಟ್ಟಿಯಲ್ಲಿದ್ದ ಹೆಣ್ಣುಮಗಳು ಹೊರಗಿನವನನ್ನು ಮದುವೆಯಾದರೆ ಅವಳ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಗಂಡು ಹೊರಗಿನವಳನ್ನು ತಂದರೆ ಬಂದವಳು ಪಟ್ಟಿಗೆ ಸೇರುತ್ತಿದ್ದಳು. ಟೊಬಿಕ್ ಎಂಬ ಹಳ್ಳಿಯ ಸಾಂಡ್ರಾ ಲವ್‌ಲೇಸ್ ಈ ಅನ್ಯಾಯವನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯ ತನಕ ಒಯ್ದಳು. 1981ರಲ್ಲಿ ಸಮಿತಿ ಅವಳ ಪರ ನಿಂತಿತು, 1985ರಲ್ಲಿ ಕಾನೂನು ಬದಲಾಯಿತು. ಉತ್ತರದ ಹಿಮದ ನಾಡಿನಲ್ಲಿ ಹೊರಗಿನವರು ಎಸ್ಕಿಮೊ ಎಂದು ಕರೆದ ಇನ್ಯುಯಿಟ್ ಜನರ ಪಾಡು ಇನ್ನೊಂದು ಬಗೆಯದು. ಅವರಿಗೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಇರಲಿಲ್ಲ. ಲೆಕ್ಕಕ್ಕೆ ತೊಂದರೆಯಾಗುತ್ತದೆ ಎಂದು ಸರ್ಕಾರ 1940ರ ದಶಕದಿಂದ ಪ್ರತಿಯೊಬ್ಬರಿಗೂ ಅಂಕಿ ಕೊರೆದ ಬಿಲ್ಲೆ ಕೊಟ್ಟಿತು. ಪೂರ್ವದವರಿಗೆ ‘ಇ’ ಅಕ್ಷರ, ಪಶ್ಚಿಮದವರಿಗೆ ‘ಡಬ್ಲ್ಯು’, ಆಮೇಲೆ ಜಿಲ್ಲೆಯ ಸಂಖ್ಯೆ, ಕೊನೆಗೆ ಮನುಷ್ಯನ ಸಂಖ್ಯೆ. 1968ರಿಂದ 1971ರವರೆಗೆ ಏಬ್ ಓಕ್ಪಿಕ್ ಎಂಬ ಇನ್ಯುಯಿಟ್ ನಾಯಕ ವಸತಿಯಿಂದ ವಸತಿಗೆ ಹೋಗಿ, ಮನೆಮನೆಯಲ್ಲಿ ಕೂತು, ಅವರೇ ಆರಿಸಿಕೊಂಡ ಮನೆತನದ ಹೆಸರುಗಳನ್ನು ಬರೆದುಕೊಂಡ ಮೇಲೆ ಬಿಲ್ಲೆಗಳ ಕಾಲ ಮುಗಿಯುತ್ತ ಬಂತು. ಆ ಕೆಲಸಕ್ಕೆ ಸರ್ಕಾರ ಅವರದೇ ಮನುಷ್ಯನನ್ನು ಕಳಿಸಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಬಳ್ಳಾರಿಗೆ ಬೇಕಾದ ಪಾಠವೂ ಅದೇ.

ಹೊರಗಿನವರು ಕೊಟ್ಟ ಹೆಸರನ್ನು ಎಲ್ಲರೂ ಬಿಸುಡಲಿಲ್ಲ. ನವಾಹೊ ಜನ ತಮ್ಮ ಮಾತಿನಲ್ಲಿ ತಮ್ಮನ್ನು ದಿನೆ ಎನ್ನುತ್ತಾರೆ. ಅಧಿಕೃತ ಹೆಸರನ್ನೂ ದಿನೆ ಎಂದು ಬದಲಿಸಬೇಕೆಂಬ ಸಲಹೆ ಬಂದಾಗ ಅವರ ಮಂಡಳಿ 1994ರಲ್ಲಿ ಅದನ್ನು ಒಪ್ಪಲಿಲ್ಲ. ಲೋಕಕ್ಕೆ ಪರಿಚಯವಾದ ನವಾಹೊ ಹಾಗೆಯೇ ಉಳಿಯಿತು. ಪೆರುವಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 1969ರಲ್ಲಿ ಭೂಸುಧಾರಣೆ ತಂದ ವೆಲಾಸ್ಕೊ ಸರ್ಕಾರ ಇಂಡಿಯೊ ಎಂಬ ಪದ ಅವಮಾನದ್ದೆಂದು ಅದರ ಜಾಗದಲ್ಲಿ ರೈತ ಎಂಬ ಪದ ತಂದಿತು. ಭೂಮಿ ಕೊಟ್ಟದ್ದು ದೊಡ್ಡ ಕೆಲಸ. ಆದರೆ ಕೆಚುವಾ ಮಾತನಾಡುವವನ ಗುರುತು ಆ ಹೊಸ ಪದದಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮಲ್ಲೂ ಇಂಥ ಪದವೊಂದಿದೆ: ಗಿರಿಜನ. ದಶಕಗಳ ಕಾಲ ಸರ್ಕಾರದ ಯೋಜನೆಗಳು, ಕಚೇರಿಗಳು ಆ ಹೆಸರಿನಲ್ಲಿ ನಡೆದವು. ಸೋಲಿಗರಿಗೆ, ಜೇನುಕುರುಬರಿಗೆ ಅದು ಒಪ್ಪೀತು. ಸಿರುಗುಪ್ಪ ತಾಲ್ಲೂಕಿನ ಬಹುಭಾಗ ಕಣ್ಣು ಹಾಯುವಷ್ಟು ದೂರ ಸಪಾಟು ಕರಿಮಣ್ಣು. ತುಂಗಭದ್ರೆ, ಹಗರಿ ಎರಡೂ ಹರಿಯುವ ನೆಲ. ಅಲ್ಲಿ ಕೂಲಿ ಮಾಡುವ, ಗೇಣಿಗೆ ಭತ್ತ ನೆಡುವ ನಾಯಕರ ಮನೆಯವರು ಯಾವ ಗಿರಿಯವರು? ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಆದಿವಾಸಿ ಎಂಬ ಪದಕ್ಕಾಗಿ ಪಟ್ಟು ಹಿಡಿದಿದ್ದರು. ಆದಿವಾಸಿ ಎಂಬುದಕ್ಕೆ ಕಾನೂನಿನ ಖಚಿತ ಅರ್ಥವಿಲ್ಲ, ಪಟ್ಟಿ ಮಾಡಿದ ಪಂಗಡ ಎಂದರೆ ಯಾರು ಎಂಬುದು ಸ್ಪಷ್ಟ ಎಂಬುದು ಅಂಬೇಡ್ಕರ್ ಅವರ ವಾದ. ಹಕ್ಕು ಕೊಡಬೇಕಾದ ಕಾನೂನಿಗೆ ಗಡಿರೇಖೆ ಬೇಕೇ ಬೇಕು, ಅವರ ಮಾತು ಸರಿ. ಜೈಪಾಲ್ ಸಿಂಗ್ ಕೇಳಿದ್ದು ಗಡಿರೇಖೆಯನ್ನಲ್ಲ. ಈ ನೆಲದ ಹಳಬರು ಎಂಬ ಮಾನ್ಯತೆಯನ್ನು. ಅದು ಪಟ್ಟಿಯಲ್ಲಿ ಸಿಗಲಿಲ್ಲ.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 144 ದೇಶ, ವಿರೋಧವಾಗಿ ನಾಲ್ಕು: ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಆ ನಾಲ್ಕೂ ಮುಂದೆ ಮನಸ್ಸು ಬದಲಿಸಿದವು. ಭಾರತ ಪರವಾಗಿಯೇ ಮತ ಹಾಕಿತು. ಆದರೆ ಇಲ್ಲಿನ ಜನರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರಗಳ ನಿಲುವು. ಅದರಲ್ಲಿ ಸ್ವಲ್ಪ ಸತ್ಯವಿದೆ. ಅಮೆರಿಕದಲ್ಲಿ ಹಡಗು ಬಂದ ದಿನ ಗೊತ್ತು, ಬಂದವರು ಯಾರೆಂದು ಗೊತ್ತು. ಬಳ್ಳಾರಿಗೆ ಅಂಥ ತಾರೀಖು ಇಲ್ಲ. ಊರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು, ಕುಪ್ಪಗಲ್ಲಿನ ಬೆಟ್ಟಗಳಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಜನ ಕಲ್ಲುಕೊಡಲಿ ಅರೆದರು, ದನ ಸಾಕಿದರು, ಬಂಡೆಯ ಮೇಲೆ ಗೂಳಿಗಳ ಚಿತ್ರ ಕುಟ್ಟಿದರು. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಅವನ್ನು ಗುರುತಿಸಿದ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅದೇ ಕಾಲದ ಜನರ ನೆಲೆಯನ್ನು ಅಗೆದು ತೆಗೆದರು. ಆ ಜನರ ವಂಶ ಇವತ್ತಿನ ಯಾವ ಒಂದು ಜಾತಿಯ ಸೊತ್ತೂ ಅಲ್ಲ. ಅದೇ ತಾಲ್ಲೂಕಿನ ನಿಟ್ಟೂರು, ಉಡೆಗೋಳದ ಬಂಡೆಗಳಲ್ಲಿ ಅಶೋಕನ ಸ್ವಂತ ಹೆಸರಿದೆ. ಬಂಡೆಯ ಸುತ್ತಮುತ್ತ ಬದುಕಿದ್ದವರು ತಮ್ಮನ್ನು ಏನೆಂದು ಕರೆದುಕೊಂಡರೋ ಅದನ್ನು ಯಾರೂ ಕೆತ್ತಿಸಲಿಲ್ಲ.

ಹಾಗೆಂದು ಎಲ್ಲರೂ ಮೂಲನಿವಾಸಿಗಳು ಎಂದುಬಿಟ್ಟರೆ, ಹೊಲ ಕಳೆದುಕೊಂಡವನ ಪ್ರಶ್ನೆಯೂ ಕಸಿದುಕೊಂಡವನ ಪ್ರಶ್ನೆಯೂ ಒಂದೇ ಆಗಿಬಿಡುತ್ತದೆ. ಯಾರು ಮೊದಲು ಬಂದರು ಎಂಬುದಕ್ಕಿಂತ ಯಾರನ್ನು ಹೊರಗಿಡಲಾಯಿತು ಎಂಬುದನ್ನು ಕೇಳಿದರೆ ಬಳ್ಳಾರಿಯ ಚಿತ್ರ ಸ್ಪಷ್ಟವಾಗುತ್ತದೆ.

ಈ ಚಿತ್ರದ ಅತಿ ನೋವಿನ ಭಾಗ ಸಿರುಗುಪ್ಪದ ಪೂರ್ವ ಗಡಿಯಲ್ಲಿದೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯಾಗಿ ಬಳ್ಳಾರಿ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು: ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು; ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬೀಗತನ ಒಡೆಯಲಿಲ್ಲ. ಇಲ್ಲಿನ ಹೆಣ್ಣು ಅಲ್ಲಿಗೆ, ಅಲ್ಲಿನ ಹೆಣ್ಣು ಇಲ್ಲಿಗೆ ಹೋಗಿ ಬರುವುದು ನಿಲ್ಲಲಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಸಿರುಗುಪ್ಪದ ಗದ್ದೆಗಳನ್ನು ತೊಯ್ಸಿ ಆದವಾನಿಯ ಕಡೆಗೇ ಹರಿಯುತ್ತದೆ. ಆದರೆ ಕಾಲುವೆಯ ಈಚೆ ದಂಡೆಯ ನಾಯಕ ಪರಿಶಿಷ್ಟ ಪಂಗಡ, ಆಚೆ ಊರಿನ ಅವನ ಸೋದರಮಾವ ಬೋಯ, ಹಿಂದುಳಿದ ವರ್ಗದ ‘ಎ’ ಗುಂಪು. ಮನೆದೇವರು ಒಂದೇ, ಬೆಡಗು ಒಂದೇ, ಪಟ್ಟಿ ಎರಡು. ಆಂಧ್ರದ ಬಯಲುಸೀಮೆಯ ಬೋಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಅಲ್ಲಿನ ವಿಧಾನಸಭೆ 2017ರ ಡಿಸೆಂಬರ್‌ನಲ್ಲಿ ಒಮ್ಮೆ, 2023ರ ಮಾರ್ಚ್‌ನಲ್ಲಿ ಮತ್ತೊಮ್ಮೆ ನಿರ್ಣಯ ಮಾಡಿತು. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಒಪ್ಪಿದ ಸಂಗತಿ ಇದು. ಆದರೂ ಸಂವಿಧಾನದ 342ನೆಯ ವಿಧಿಯ ಪ್ರಕಾರ ಪಟ್ಟಿ ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ.

ನ್ಯಾಯಾಲಯಗಳಿಗೂ ಇಲ್ಲಿ ಕೈ ಕಟ್ಟಿದೆ. ಆಂಧ್ರದಿಂದ ಮುಂಬಯಿಗೆ ಹೋಗಿ ನೆಲೆಸಿದ ಕುಟುಂಬದ ಹುಡುಗನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ರಾಜ್ಯದ ಪಂಗಡದ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು 1990ರಲ್ಲಿ ಹೇಳಿತು. 2000ದಲ್ಲಿ ಮಹಾರಾಷ್ಟ್ರದ ಹಲಬ ಕೋಷ್ಟಿಗಳ ಪ್ರಕರಣದಲ್ಲಿ ಇನ್ನಷ್ಟು ಬಿಗಿಯಾಗಿ ಹೇಳಿತು: ಪಟ್ಟಿಯನ್ನು ಇದ್ದ ಹಾಗೆಯೇ ಓದಬೇಕು, ಇದು ಅದರ ಇನ್ನೊಂದು ಹೆಸರು ಎಂದು ಸಾಕ್ಷಿ ತಂದು ಸೇರಿಸುವಂತಿಲ್ಲ.

ಕನ್ನಡನಾಡಿನ ಹಳೆಯ ಪ್ರಕರಣವೊಂದು ಮಾತ್ರ ಇದಕ್ಕೆ ಭಿನ್ನವಾಗಿ ಮುಗಿದಿತ್ತು. 1962ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮೀಸಲು ಕ್ಷೇತ್ರದಿಂದ ಗೆದ್ದ ಡಿ. ಮುನಿಚಿನ್ನಪ್ಪ ಭೋವಿ ಎಂದು ಬರೆಸಿದ್ದರು. ಅವರು ವಡ್ಡರು, ಪಟ್ಟಿಯಲ್ಲಿ ವಡ್ಡರ ಹೆಸರಿಲ್ಲ ಎಂದು ಬಿ. ಬಸವಲಿಂಗಪ್ಪ ಪ್ರಶ್ನಿಸಿದರು. ವಡ್ಡರೇ ಕೇಳಿಕೊಂಡ ಮೇರೆಗೆ 1946ರಲ್ಲಿ ಮೈಸೂರು ಸರ್ಕಾರ ಅವರ ಹೆಸರನ್ನು ಬದಲಿಸಿತ್ತು ಎಂಬುದನ್ನು ಗಮನಿಸಿ 1964ರಲ್ಲಿ ಸುಪ್ರೀಂ ಕೋರ್ಟ್ ಮುನಿಚಿನ್ನಪ್ಪನವರ ಆಯ್ಕೆಯನ್ನು ಎತ್ತಿಹಿಡಿಯಿತು. ಜನ ಕೇಳಿ ಪಡೆದ ಹೆಸರಿಗೆ ನ್ಯಾಯಾಲಯ ಮನ್ನಣೆ ಕೊಟ್ಟ ಅಪರೂಪದ ಸಂದರ್ಭ ಅದು. ಭೋವಿಯೂ ಬೋಯನೂ ಕಿವಿಗೆ ಹತ್ತಿರವಾದರೂ ಬೇರೆ ಬೇರೆ ಸಮುದಾಯಗಳು. ಬರೆಯುವ ಗುಮಾಸ್ತನ ಒಂದಕ್ಷರದ ಅಜಾಗರೂಕತೆ ಇಂಥ ಕಡೆ ಒಂದು ಕುಟುಂಬದ ಎರಡು ತಲೆಮಾರನ್ನು ಅಲೆಸಬಲ್ಲದು.

ಹೆಸರಿನ ಹೋಲಿಕೆ ತೊಡಕು ತಂದ ಇನ್ನೊಂದು ಕಡೆ ಬೇಡ ಜಂಗಮ, ಬುಡ್ಗ ಜಂಗಮ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವೆರಡೂ ಒಂದೇ ನಮೂದಿನಲ್ಲಿವೆ. ಬುಡ್ಗ ಜಂಗಮರು ಕಥೆ ಹೇಳುತ್ತ, ವೇಷ ಹಾಕುತ್ತ ಊರೂರು ತಿರುಗಿದ ಅಲೆಮಾರಿಗಳು, ಮನೆಮಾತು ತೆಲುಗು. ನಾಡೋಜ ಬುರ್ರಕಥಾ ಈರಮ್ಮ ಆ ಸಮುದಾಯದವರು. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ನೆಲೆಸಿದ ಅವರು ಅಕ್ಷರ ಕಲಿಯದೆಯೇ ಕುಮಾರರಾಮನಂಥ ದೊಡ್ಡ ಕಾವ್ಯಗಳನ್ನು ನೆನಪಿನಿಂದ ರಾತ್ರಿಗಟ್ಟಲೆ ಹಾಡಿ, 2014ರಲ್ಲಿ ತೀರಿಕೊಂಡರು. ಆ ಪಟ್ಟಿಯ ಸಾಲು ಹುಟ್ಟಿದ್ದು ಇಂಥವರ ಮಕ್ಕಳಿಗಾಗಿ. ಜಂಗಮ ಎಂಬ ಪದದ ಸಾಮ್ಯ ಹಿಡಿದು, ಮಠದ ಪರಂಪರೆಯ ವೀರಶೈವ ಜಂಗಮರು ಬೇಡ ಜಂಗಮ ಪ್ರಮಾಣಪತ್ರ ಕೇಳುತ್ತ ಬಂದದ್ದು ಕರ್ನಾಟಕದ ಹಳೆಯ ವ್ಯಾಜ್ಯ. ಹೆಸರು ಹೋಲುತ್ತದೆ ಎಂಬ ಕಾರಣಕ್ಕೆ ಅಲೆಮಾರಿಯ ಮಗುವಿನ ಪಾಲನ್ನು ಬೇರೆಯವರು ಪಡೆಯುವುದು ಅನ್ಯಾಯ. ಇದನ್ನು ಎಷ್ಟು ಮೆತ್ತಗೆ ಹೇಳಿದರೂ ಅನ್ಯಾಯವೇ.

ಪಟ್ಟಿಯಿಂದ ಏನೂ ಆಗಲಿಲ್ಲ ಎಂದು ಯಾರಾದರೂ ಅಂದರೆ ಬಳ್ಳಾರಿಯ ಮತಪೆಟ್ಟಿಗೆ ನೋಡಲಿ. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರಾಗಿ ನಿಂತ ಸಾಮಾನ್ಯ ಲೋಕಸಭಾ ಕ್ಷೇತ್ರ, ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆ, 2009ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸಿರುಗುಪ್ಪ, ಬಳ್ಳಾರಿ ಗ್ರಾಮಾಂತರ, ಕಂಪ್ಲಿ, ಸಂಡೂರು ವಿಧಾನಸಭಾ ಕ್ಷೇತ್ರಗಳೂ ಹಾಗೆಯೇ. ಈಗಿನ ಜಿಲ್ಲೆಯಲ್ಲಿ ಬಳ್ಳಾರಿ ನಗರ ಒಂದೇ ಸಾಮಾನ್ಯ. ಅದೇ ಮರುವಿಂಗಡಣೆಯಲ್ಲಿ ಕುರುಗೋಡು ಎಂಬ ಕ್ಷೇತ್ರವೇ ಇಲ್ಲವಾಯಿತು. ಅವಿಭಜಿತ ಜಿಲ್ಲೆಯಲ್ಲಿ 2011ರ ಗಣತಿಯಂತೆ ನೂರಕ್ಕೆ 18ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಹರಿಹರದ ಬಳಿಯ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದ ಸ್ವಾಮೀಜಿ 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ನಾಗಮೋಹನದಾಸ್ ಆಯೋಗದ ಶಿಫಾರಸಿನಂತೆ ಪಂಗಡದ ಮೀಸಲಾತಿಯನ್ನು ಶೇ. 3ರಿಂದ ಶೇ. 7ಕ್ಕೆ ಏರಿಸುವ ಮಸೂದೆಗೆ ಆ ವರ್ಷವೇ ಶಾಸನಸಭೆ ಒಪ್ಪಿಗೆ ಕೊಟ್ಟಿತು.

ಆ ಹೋರಾಟಕ್ಕೆ ಹೆಸರಾದದ್ದು ವಾಲ್ಮೀಕಿ. ಬೇಡನೊಬ್ಬ ಆದಿಕವಿಯಾದ ಕಥೆಯನ್ನು ಸಮುದಾಯ ತನ್ನದಾಗಿಸಿಕೊಂಡಿತು. ಊರೂರಿನ ವೃತ್ತಗಳಲ್ಲಿ, ಜಯಂತಿಯ ಮೆರವಣಿಗೆಗಳಲ್ಲಿ ಅದು ಕಾಣುತ್ತದೆ. ಯಾವ ಗೆಜೆಟಿಯರಿನವನೂ ಕೊಡದ, ತಾ‌ವೇ ಆರಿಸಿಕೊಂಡ ಹೆಸರು ಅದು. ಬೇಡ ಎಂದೇ ಕರೆಸಿಕೊಳ್ಳುತ್ತೇವೆ ಎನ್ನುವ ಹಿರಿಯರೂ ಇದ್ದಾರೆ, ಮ್ಯಾಸದವರು ತಮ್ಮ ಹೆಸರನ್ನು ಬಿಡಲು ಸಿದ್ಧರಿಲ್ಲ. ಇವರಲ್ಲಿ ಒಬ್ಬರನ್ನು ಸರಿ, ಇನ್ನೊಬ್ಬರನ್ನು ತಪ್ಪು ಎನ್ನುವ ಅಧಿಕಾರ ಹೊರಗಿನ ಯಾವ ವಿದ್ವಾಂಸನಿಗೂ ಇಲ್ಲ.

2014ರ ನವೆಂಬರ್ 1ರಂದು ಬೆಲ್ಲಾರಿ ಎಂಬ ಇಂಗ್ಲಿಷ್ ಕಾಗುಣಿತ ಹೋಗಿ ಬಳ್ಳಾರಿ ಬಂತು. ರಾಜ್ಯದ ಇನ್ನೂ ಹನ್ನೊಂದು ಊರುಗಳ ಹೆಸರುಗಳು ಅವತ್ತೇ ತಿದ್ದಾದವು. ಊರು ತನ್ನ ಹೆಸರನ್ನು ಊರವರ ಬಾಯಿಂದಲೇ ಮರಳಿ ಪಡೆಯಿತು. ಜನರ ವಿಷಯದಲ್ಲೂ ಅಷ್ಟು ಆಗಬೇಕು. ಹಕ್ಕಿಗೆ ಪಟ್ಟಿ ಬೇಕು, ಇರಲಿ. ಅದರ ಪಕ್ಕದಲ್ಲಿ ಜನ ಸ್ವತಃ ಹೇಳಿದ ಹೆಸರು, ಕವಲು, ಬೆಡಗು, ಬೀಗತನದ ಊರುಗಳ ದಾಖಲೆಯೂ ಇರಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ, ಸಿರುಗುಪ್ಪದಲ್ಲೂ ಆದವಾನಿಯಲ್ಲೂ ಓದಿ ಬಂದ ಆ ಸಮುದಾಯದ ಹುಡುಗ ಹುಡುಗಿಯರಿದ್ದಾರೆ. 2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿದೆ. ಗಡಿಯ ಎರಡೂ ಬದಿಯ ಹಳ್ಳಿಗಳಿಗೆ ಈ ಮಕ್ಕಳನ್ನು ಕಳಿಸಿ, ಮನೆಯ ಹಿರಿಯರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸಿಕೊಂಡರೆ, ಆದವಾನಿಯ ಬೋಯರ ಬೇಡಿಕೆ ಸಂಸತ್ತಿನ ಮುಂದೆ ಬರುವ ದಿನ ಸದಸ್ಯರ ಕೈಯಲ್ಲಿ ಥರ್ಸ್ಟನ್ನನ ಸಂಪುಟದ ಜೊತೆ ಆ ದಾಖಲೆಯೂ ಇರುತ್ತದೆ.